ಮಂಗಳೂರಿನ ಚರ್ಚ್ ಇತಿಹಾಸ ನಡಿಗೆ: 700 ರೂಪಾಯಿಗೆ ಏನು ಸಿಗುತ್ತದೆ?

ತಲೆಗೆ 700 ರೂಪಾಯಿ. ಬೆಳಿಗ್ಗೆ ಏಳಕ್ಕೆ ಶುರುವಾದರೆ ಮುಗಿಯುವಾಗ ಸಂಜೆ ಐದಾಗುತ್ತದೆ. ಆ ದುಡ್ಡಿನಲ್ಲಿ ಎರಡು ಸಲ ಚಹಾ, ಮಧ್ಯಾಹ್ನದ ಊಟ, ಕೊನೆಯ ಭಾಗಕ್ಕೆ ವ್ಯಾನ್, ಜೊತೆಗೆ ಒಂದು ಪುಸ್ತಿಕೆ. ಪುಸ್ತಿಕೆಯ ವಿಷಯ ಆಮೇಲೆ ಹೇಳುತ್ತೇನೆ, ಅದರ ಮೇಲೆ ನನಗೆ ಸಿಟ್ಟಿದೆ.

ನಡೆಸುವವರು ಮಂಗಳೂರಿನ ನಾಲ್ಕೈದು ಜನ ಉತ್ಸಾಹಿಗಳು. ಕಂಪನಿ ಗಿಂಪನಿ ಏನೂ ಇಲ್ಲ. ದೂರುಗಳೂ ಇರುವುದರಿಂದ ಹೆಸರು ಹಾಕುತ್ತಿಲ್ಲ. ಅಲ್ಲಿನ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಯಾರನ್ನಾದರೂ ಕೇಳಿ ನೋಡಿ, ಗೊತ್ತಿರುವವರು ಸಿಗುತ್ತಾರೆ. ನಾನು ಮಲೆನಾಡಿನ ಒಂದು ಸಣ್ಣ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟೆಂಟರದು) ಸಭೆಯ ಖಜಾಂಚಿ. ಬ್ಯಾಂಕಿನಿಂದ ರಿಟೈರ್ ಆದವಳು ಎಂಬ ಒಂದೇ ಕಾರಣಕ್ಕೆ ಆ ರಿಜಿಸ್ಟರನ್ನು ನನ್ನ ತಲೆಗೆ ಕಟ್ಟಿದ್ದಾರೆ. ಹಾಗಾಗಿ ಈ ವಿಮರ್ಶೆಯಲ್ಲಿ ದುಡ್ಡಿನ ಮಾತು ಜಾಸ್ತಿ ಬರುತ್ತದೆ. ಅದಕ್ಕೆ ಇನ್ನೊಂದು ಕಾರಣವೂ ಇದೆ, ಜೆಪ್ಪು ತಲುಪಿದಾಗ ಹೇಳುತ್ತೇನೆ.

ಗುಂಪಿನಲ್ಲಿ ಹದಿನೈದು ಜನರ ಮೇಲೆ ತಗೊಳ್ಳುವುದಿಲ್ಲ. ಇದು ಒಳ್ಳೆಯದು, ಗೈಡ್ ಹೇಳಿದ್ದು ಹಿಂದೆ ನಿಂತವರಿಗೂ ಕೇಳುತ್ತದೆ. ಆತನಿಗೆ ಮೂವತ್ತರ ಆಸುಪಾಸು. ಕನ್ನಡದಲ್ಲೇ ಮಾತಾಡುತ್ತಾನೆ, ನಡುವೆ ತುಳು ನುಸುಳುತ್ತದೆ. ಕೇಳಿದರೆ ಕೊಂಕಣಿಯಲ್ಲೂ ಹೇಳುತ್ತಾನೆ. ನಮ್ಮ ಜೊತೆ ಕೆಥೋಲಿಕರಿದ್ದರು, ಪೆಂತೆಕೊಸ್ತಿನವರಿದ್ದರು, ಸುಮ್ನೆ ಇತಿಹಾಸದ ಹುಚ್ಚಿಗೆ ಬಂದ ಇಬ್ಬರು ಕಾಲೇಜು ಹುಡುಗರೂ ಇದ್ದರು. ಯಾರಿಗೂ ಮುಜುಗರ ಆಗದ ಹಾಗೆ ಮಾತಾಡುವುದು ಸುಲಭ, ಏನೂ ಹೇಳದೇ ಇದ್ದರಾಯಿತು. ಈ ಹುಡುಗ ಹೇಳಬೇಕಾದ್ದನ್ನೆಲ್ಲ ಹೇಳಿಯೂ ಜಗಳ ತರಲಿಲ್ಲ. ಅರ್ಧ ದುಡ್ಡು ಅಲ್ಲೇ ವಸೂಲಿ.

ಶುರು ರೊಜಾರಿಯೊದಿಂದ. 1568ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಹುಟ್ಟಿದ ಇಗರ್ಜಿ, ಅಂದರೆ ಕೆಥೋಲಿಕ್ ಚರ್ಚ್, ಅದು. ಅಲ್ಲಿಂದ ಹಂಪನಕಟ್ಟೆಯ ಮಿಲಾಗ್ರಿಸ್‌ಗೆ ನಡೆದುಕೊಂಡೇ ಹೋಗುತ್ತೀರಿ. ಅದರ ಮೂಲ 1680. ಎರಡರ ಈಗಿನ ಕಟ್ಟಡಗಳೂ 20ನೇ ಶತಮಾನದವು. ಮೊದಲಿನವು 1784ರಲ್ಲೇ ನೆಲಸಮವಾಗಿದ್ದವು.

1784ರ ವಿಷಯ ಮಂಗಳೂರಿನಲ್ಲಿ ಎತ್ತಿದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಒಬ್ಬರು ಟಿಪ್ಪುವನ್ನು ರಾಕ್ಷಸ ಅನ್ನುತ್ತಾರೆ, ಇನ್ನೊಬ್ಬರು ಹಾಗೇನೂ ನಡೆದೇ ಇಲ್ಲ ಅನ್ನುತ್ತಾರೆ. ಗೈಡ್ ಮಿಲಾಗ್ರಿಸಿನ ನೆರಳಲ್ಲಿ ನಮ್ಮನ್ನು ಕೂರಿಸಿ ಕ್ರಮವಾಗಿ ಹೇಳಿದ. ಎರಡನೇ ಮೈಸೂರು ಯುದ್ಧ. ಮಂಗಳೂರಿನ ಕೋಟೆಯಲ್ಲಿದ್ದ ಇಂಗ್ಲಿಷರಿಗೆ 1783ರ ಮೇ ತಿಂಗಳಿಂದ ಟಿಪ್ಪುವಿನ ಮುತ್ತಿಗೆ. ಇಲ್ಲಿನ ಕ್ರೈಸ್ತರು ಇಂಗ್ಲಿಷರಿಗೆ ಸಹಾಯ ಮಾಡಿದರು ಅಂತ ಟಿಪ್ಪುವಿನ ಆಪಾದನೆ. 1784ರ ಬೂದಿ ಬುಧವಾರದ (ಈಸ್ಟರ್‌ಗೆ ಮುಂಚಿನ ಉಪವಾಸ ಕಾಲದ ಮೊದಲ ದಿನ) ಹೊತ್ತಿಗೆ ಅವರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದರು ಎಂಬುದು ಸಮುದಾಯದ ನೆನಪು. ಎಷ್ಟು ಜನ? 30,000 ಅನ್ನುವವರೂ ಇದ್ದಾರೆ, 80,000 ಅನ್ನುವವರೂ ಇದ್ದಾರೆ. ಗೈಡ್ ಎರಡೂ ಹೇಳಿ, ಯಾವುದನ್ನು ಯಾರು ಯಾವಾಗ ಬರೆದರು ಅಂತ ಕೇಳಿಕೊಂಡು ಓದಿ ಎಂದ. ಚರ್ಚಿನ ವೇದಿಕೆಯಲ್ಲಿ ಇಷ್ಟು ಪ್ರಾಮಾಣಿಕವಾಗಿ ಲೆಕ್ಕ ಒಪ್ಪಿಸುವುದನ್ನು ನಾನು ಕೇಳಿದ್ದು ಕಡಿಮೆ.

ನನಗೆ ಆ ಸಂಖ್ಯೆಗಿಂತ ಇನ್ನೊಂದು ಮಾತು ಹಿಡಿಯಿತು. ಪಾದ್ರಿಗಳನ್ನು ಮೊದಲೇ ಗಡಿಪಾರು ಮಾಡಿದ್ದರು. ಇಗರ್ಜಿಗಳು ಮಣ್ಣುಪಾಲಾಗಿದ್ದವು. ಸೆರೆಯಿಂದ ಉಳಿದವರು ಬಿಡುಗಡೆಯಾಗಿದ್ದು ಶ್ರೀರಂಗಪಟ್ಟಣ ಬಿದ್ದ 1799ರಲ್ಲಿ. ಅಂದರೆ ನಡುವೆ ಹದಿನೈದು ವರ್ಷ. ಪಾದ್ರಿ ಇಲ್ಲ, ಪೂಜೆ ಇಲ್ಲ, ಗಂಟೆ ಇಲ್ಲ. ಹೋಗುವಾಗ ಕಂಕುಳಲ್ಲಿದ್ದ ಮಗು ವಾಪಸ್ ಬರುವಾಗ ಮೀಸೆ ಚಿಗುರಿದ ಹುಡುಗ. ಅವನಿಗೆ ಜಪ ಹೇಳಿಕೊಟ್ಟವರು ಯಾರು? ಮನೆಯವರೇ ಇರಬೇಕು, ಬೇರೆ ಯಾರಿದ್ದರು? ಹಾಗೆ ಬಂದವರು ಬಂದ ಕೂಡಲೇ ಮತ್ತೆ ಇಗರ್ಜಿ ಕಟ್ಟಲು ನಿಂತರು. ಗೈಡ್ ಇದನ್ನು ಒಂದು ವಾಕ್ಯದಲ್ಲಿ ದಾಟಿಸಿಬಿಟ್ಟ. ಅಲ್ಲಿ ಇನ್ನು ಹತ್ತು ನಿಮಿಷ ನಿಲ್ಲಬೇಕಿತ್ತು.

ನಂತರ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. ಇಟಲಿಯ ಜೆಸ್ವಿಟ್ ಸಂಘದ ಸನ್ಯಾಸಿ ಸಹೋದರ ಅಂತೋನಿಯೊ ಮೊಸ್ಕೇನಿ ಗೋಡೆ, ಛಾವಣಿ ಒಂದೂ ಬಿಡದೆ ಚಿತ್ರ ಬರೆದಿದ್ದಾನೆ. ಕೆಲಸ ಶುರುವಾಗಿದ್ದು 1899ರಲ್ಲಿ. ಕತ್ತೆತ್ತಿ ನೋಡಿ ನೋಡಿ ನನ್ನ ನಾದಿನಿಗೆ ಕುತ್ತಿಗೆ ಹಿಡಿದುಕೊಂಡಿತು. ಚೆಂದ ಇದೆ, ನೋಡಲೇಬೇಕು. ಆದರೆ ಇದರ ಬಗ್ಗೆ ಎಲ್ಲರೂ ಬರೆದಾಗಿದೆ, ನಾನು ಮುಂದೆ ಹೋಗುತ್ತೇನೆ.

ಊಟ: ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ, ಬಸಳೆ, ಉಪ್ಪಿನಕಾಯಿ. ಮೀನು ತಿನ್ನದವರಿಗೆ ಕಡಲೆ ಗಸಿ. ರುಚಿಗೆ ಹತ್ತಕ್ಕೆ ಒಂಬತ್ತು. ಎರಡನೇ ಸಲ ಮೀನು ಕೇಳಿದರೆ ಕೊಡಲ್ಲ, ಅದಕ್ಕೆ ಒಂದು ಕಡಿತ.

ಊಟದ ಮೇಲೆ ಬಲ್ಮಠ. ಅಲ್ಲಿಂದ ನಮ್ಮ ಕಥೆ, ಅಂದರೆ ಪ್ರೊಟೆಸ್ಟೆಂಟರ ಕಥೆ ಶುರು. ಬಾಸೆಲ್ ಮಿಷನ್ ಸ್ವಿಟ್ಜರ್‌ಲೆಂಡಿನ ಬಾಸೆಲ್ ಊರಲ್ಲಿ 1815ರಲ್ಲಿ ಹುಟ್ಟಿತು. ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದು ಬೇರೆ ದೇಶದ ಮಿಷನರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಬಲ್ಮಠದ ಜಾಗ ಮಿಷನ್‌ಗೆ ಸಿಕ್ಕಿದ್ದು ಕಲೆಕ್ಟರ್ ಆಗಿದ್ದ ಬ್ಲೇರ್ ಎಂಬುವರಿಂದ. ಗೈಡ್ ಇಲ್ಲಿ ಒಂದು ಕ್ಷಣ ನಿಂತು, 1837ರಲ್ಲಿ ಕಲ್ಯಾಣಸ್ವಾಮಿಯ ದಂಡು ಕಂಪನಿಯ ವಿರುದ್ಧ ಎದ್ದು ಇದೇ ಊರನ್ನು ಹಿಡಿದಿದ್ದನ್ನು ನೆನಪಿಸಿದ. ಬಿಳಿ ಪಾದ್ರಿ ಬೇರೆ, ಬಿಳಿ ಕಲೆಕ್ಟರ್ ಬೇರೆ ಅಂತ ಊರಿನವರಿಗೆ ಹೇಗೆ ತಿಳಿಯಬೇಕಿತ್ತು? ಪೆಂತೆಕೊಸ್ತಿನ ಒಬ್ಬರು ಹಿರಿಯರು ಅದಕ್ಕೆ ತಲೆಯಾಡಿಸಿದರು. ನಾನೂ ಆಡಿಸಿದೆ.

ಅಚ್ಚುಕೂಟದ ಭಾಗ ತುಂಬಾ ಚೆನ್ನಾಗಿದೆ. 1841ರಲ್ಲಿ ಕಲ್ಲಚ್ಚಿನಿಂದ ಶುರುವಾದ ಬಾಸೆಲ್ ಮಿಷನ್ ಪ್ರೆಸ್. 1843ರ ಜುಲೈ 1ರಂದು ಮಿಷನರಿ ಮೋಗ್ಲಿಂಗ್ ಇಲ್ಲಿಂದಲೇ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು. ಮುಂದಿನ ವರ್ಷ ಅದು ಬಳ್ಳಾರಿಗೆ ಹೋಯಿತು, ಅಲ್ಲಿ ಲಂಡನ್ ಮಿಷನ್‌ನವರ ಹತ್ತಿರ ಅಚ್ಚಿನ ಮೊಳೆಗಳಿದ್ದವು. ಕಿಟೆಲ್‌ನ ನಿಘಂಟು ಅಚ್ಚಾಗಿದ್ದು ಮಂಗಳೂರಿನಲ್ಲೇ, 1894ರಲ್ಲಿ. ತುಳುವಿನ ಹೊಸ ಒಡಂಬಡಿಕೆ ಅದಕ್ಕೂ ಬಹಳ ಮೊದಲು, 1847ರಲ್ಲೇ ಬಂತು, ಕನ್ನಡ ಅಕ್ಷರದಲ್ಲಿ. ಗೈಡ್ ಒಂದು ಹಳೆಯ ಕಲ್ಲಚ್ಚು ಪುಟದ ಫೋಟೊ ಪ್ರತಿ ಕೈಯಿಂದ ಕೈಗೆ ದಾಟಿಸುತ್ತಾನೆ. ಒತ್ತಕ್ಷರಗಳು ಸಾಲಿನ ಕೆಳಗೆ ಒಂದರ ಮೇಲೊಂದು ಮುದುಡಿ ಕೂತಿವೆ. ಬರೆದ ಕೈಯ ನಡುಕವೂ ಕಾಣುತ್ತದೆ. ಇಲ್ಲಿನ ಕ್ರೈಸ್ತ ಧರ್ಮಶಾಸ್ತ್ರ ಕಾಲೇಜಿನ ಆರ್ಕೈವ್ ಒಳಗೆ ಕರೆದೊಯ್ಯುವುದಿಲ್ಲ. ಅದು ಕೂತು ಓದುವ ಜಾಗ, ಗುಂಪು ನುಗ್ಗುವ ಜಾಗವಲ್ಲ. ಸರಿಯಾಗಿಯೇ ಇದೆ.

ಆದರೆ ಖಾಕಿಯ ವಿಷಯಕ್ಕೆ ನನ್ನ ತಕರಾರಿದೆ. ಮಿಷನ್‌ನ ನೇಯ್ಗೆ ಶಾಲೆಗೆ 1851ರಲ್ಲಿ ಬಂದ ಹಾಲರ್ ಗೇರುಮರದ ರಸದಿಂದ ಖಾಕಿ ಬಣ್ಣ ಕಂಡುಹಿಡಿದ, ಜಗತ್ತಿನ ಪೊಲೀಸರು ಉಡುವುದೆಲ್ಲ ಬಲ್ಮಠದ ಬಣ್ಣ ಅಂತ ಗೈಡ್ ಎದೆ ತಟ್ಟಿ ಹೇಳಿದ. ಪೇಶಾವರದ ಕಡೆ ಬ್ರಿಟಿಷರ ‘ಗೈಡ್ಸ್’ ಎಂಬ ಸೈನ್ಯದ ಪಡೆ 1840ರ ದಶಕದ ಕೊನೆಗೇ ಮಣ್ಣುಬಣ್ಣದ ಸಮವಸ್ತ್ರ ಹಾಕುತ್ತಿತ್ತಲ್ಲ? ಕೇಳಿದೆ. ನಕ್ಕು, ‘ಮೇಡಂ, ಮಂಗಳೂರಿನಲ್ಲಿ ಇದನ್ನು ಬಿಟ್ಟರೆ ಜನ ಟಿಕೆಟ್ ವಾಪಸ್ ಕೇಳುತ್ತಾರೆ’ ಅಂದ. ಮಿಲಾಗ್ರಿಸಿನಲ್ಲಿ ಸಂಖ್ಯೆಯ ಬಗ್ಗೆ ಅಷ್ಟು ಜಾಗ್ರತೆ ವಹಿಸಿದವನು ಇಲ್ಲಿ ಹೀಗೆ ಮಾಡಬಾರದಿತ್ತು. ನಮ್ಮವರ ಹೆಮ್ಮೆಯ ವಿಷಯ ಬಂದಾಗಲೇ ಅಲ್ವಾ ಜಾಸ್ತಿ ಹುಷಾರಾಗಿರಬೇಕಾದ್ದು?

ಇಲ್ಲಿಂದ ವ್ಯಾನ್. ಜೆಪ್ಪು ಕಡೆಗೆ, ನೇತ್ರಾವತಿಯ ದಂಡೆಗೆ. ಈ ನಡಿಗೆಯ ಜೀವ ಇರುವುದು ಇಲ್ಲಿ.

ವ್ಯಾನಿನಿಂದ ಇಳಿದ ಕೂಡಲೇ ಗೈಡ್ ಗೋಣಿಚೀಲದಿಂದ ಎರಡು ಹೆಂಚು ತೆಗೆದು ಕಟ್ಟೆಯ ಮೇಲೆ ಬೋರಲು ಇಟ್ಟ. ನೋಡಲು ಎರಡೂ ಒಂದೇ. ಅದೇ ಕೆಂಪು, ಒಂದಕ್ಕೊಂದು ಕೂರುವ ಅದೇ ಕಚ್ಚು, ರೀಪಿಗೆ ಸಿಕ್ಕಿಸುವ ಅದೇ ಮೂತಿ. ಒಂದರ ಮೇಲೆ ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865’ ಅಂತ ಉಬ್ಬಕ್ಷರ. ಇನ್ನೊಂದರ ಮೇಲೆ ‘ಕಾಮನ್‌ವೆಲ್ತ್’. ಹಸಿ ಮಣ್ಣನ್ನು ಅಚ್ಚಿನಿಂದ ಬಿಡಿಸುವಾಗ ಬಿದ್ದ ಬೆರಳಿನ ಗುರುತು ಮೊದಲನೆಯದರ ಅಂಚಿನಲ್ಲಿ ಹಾಗೇ ಸುಟ್ಟುಹೋಗಿದೆ. ನನ್ನ ಬೆರಳು ಇಟ್ಟು ನೋಡಿದೆ, ನನ್ನದಕ್ಕಿಂತ ಸಣ್ಣ ಬೆರಳು. ‘ಈ ಹೆಸರು ಯಾಕೆ ಬದಲಾಯಿತು, ಅದಕ್ಕೂ ನಿಮ್ಮ ಸಭೆಗೂ ಏನು ಸಂಬಂಧ, ಅಷ್ಟೇ ಇವತ್ತಿನ ಪಾಠ’ ಅಂದ.

ಕಥೆ ಹೀಗೆ. ಈ ಕರಾವಳಿಯಲ್ಲಿ ಬಾಸೆಲ್ ಮಿಷನ್ ಸೇರಿದವರಲ್ಲಿ ಬಿಲ್ಲವರು ಜಾಸ್ತಿ. ಹಲವರ ಕಸುಬು ಶೇಂದಿ ಇಳಿಸುವುದು. ಮಿಷನ್‌ನವರಿಗೆ ಹೆಂಡದ ಕೆಲಸ ಪಾಪ, ಹಾಗಾಗಿ ದೀಕ್ಷಾಸ್ನಾನ ಆದರೆ ಕಸುಬು ಹೋಯಿತು. ಗೇಣಿ ಭೂಮಿ ಇದ್ದವರ ಕೈಯಿಂದ ಅದೂ ಹೋಗುತ್ತಿತ್ತು. ಮತ ಬದಲಿಸಿದವರ ಆಸ್ತಿ ಹಕ್ಕು ಹೋಗಬಾರದು ಅಂತ 1850ರಲ್ಲಿ ಕಾನೂನೇನೋ ಬಂತು. ಆದರೆ ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಕೂಡುಕುಟುಂಬದಲ್ಲಿ ‘ನನ್ನ ಪಾಲು ಕೊಡಿ’ ಅಂತ ಒಬ್ಬ ಕೇಳುವ ದಾರಿಯೇ ಇರಲಿಲ್ಲವಲ್ಲ. ಮನೆಯಿಂದ ಹೊರಬಿದ್ದವರು ಮಿಷನ್ ಬಾಗಿಲಿಗೆ ಬಂದರು. ಅವರಿಗೆ ಅನ್ನ ಬೇಕು. ಅದಕ್ಕೆ ನೇಯ್ಗೆ ಬಂತು, ಅಚ್ಚುಕೂಟ ಬಂತು. 1865ರಲ್ಲಿ ಪ್ಲೆಬ್ಸ್ಟ್ ಎಂಬ ಮೆಕ್ಯಾನಿಕ್ ಮಿಷನರಿ ಈ ನದಿಯ ಜೇಡಿಮಣ್ಣು ನೋಡಿ ಹೆಂಚಿನ ಕಾರ್ಖಾನೆ ಹಾಕಿದ. ಮಂಗಳೂರು ಹೆಂಚು ಅಂತ ಲೋಕವೆಲ್ಲ ಹೇಳುವುದು ಅದನ್ನೇ. ಲಾಭ ನಷ್ಟ ನೋಡಿಕೊಳ್ಳಲು ಬಾಸೆಲಿನಲ್ಲಿ 1859ರಲ್ಲೇ ಬೇರೆ ವ್ಯಾಪಾರ ಕಂಪನಿ ಮಾಡಿಕೊಂಡಿದ್ದರು.

ಇಷ್ಟನ್ನು ನಮ್ಮ ಶತಮಾನೋತ್ಸವ ಸ್ಮರಣಸಂಚಿಕೆಗಳಲ್ಲೂ ಓದಿರುತ್ತೀರಿ. ಅಲ್ಲಿ ಇದು ಬರೀ ಸಾಧನೆಯ ಪಟ್ಟಿ. ಗೈಡ್ ಅದರ ಇನ್ನೊಂದು ಮಗ್ಗುಲು ತೋರಿಸಿದ. ಕೆಲಸಕ್ಕೆ ಮೊದಲು ಪ್ರಾರ್ಥನೆ. ಪ್ರಾರ್ಥನೆ ಮಾಡಿಸುವವರೂ ಮಿಷನ್, ಸಂಬಳ ಕೊಡುವವರೂ ಮಿಷನ್, ಮನೆ ಮಿಷನ್‌ನದು, ಮಕ್ಕಳ ಶಾಲೆ ಮಿಷನ್‌ನದು. ಸಭೆಯಲ್ಲಿ ಒಂದು ಮಾತಿಗೆ ಎದುರಾಡಬೇಕಾದರೆ ಒಲೆಯ ಮೇಲಿನ ಅನ್ನವನ್ನೂ ನೆನೆಯಬೇಕು. ಅಂಥ ಕಡೆ ಭಕ್ತಿ ಎಷ್ಟು, ಭಯ ಎಷ್ಟು, ಯಾರು ಬಿಡಿಸಿ ಹೇಳುತ್ತಾರೆ?

ಗುಂಪಿನಲ್ಲಿ ಯಾರೋ ‘ಪೌಲನೂ ಗುಡಾರ ಮಾಡುವ ಕಸುಬು ಮಾಡುತ್ತಿದ್ದನಲ್ಲ’ ಅಂದರು. ಹೌದು, ಕೊರಿಂಥದಲ್ಲಿ ಮಾಡುತ್ತಿದ್ದ. ತನ್ನ ಹೊಟ್ಟೆಗೆ ತಾನೇ ದುಡಿಯುತ್ತಿದ್ದ. ಕೊರಿಂಥದ ವಿಶ್ವಾಸಿಗಳಿಗೆಲ್ಲ ಅವನು ಧಣಿಯಾಗಿರಲಿಲ್ಲ. ಎರಡಕ್ಕೂ ಬಹಳ ವ್ಯತ್ಯಾಸ ಇದೆ. ಮಿಷನ್‌ನವರನ್ನು ಬೈಯುವುದು ನನ್ನ ಉದ್ದೇಶವಲ್ಲ. ಹಸಿದು ಬಂದವನಿಗೆ ಕೆಲಸ ಕೊಡದೆ ಇನ್ನೇನು ಕೊಡಬೇಕಿತ್ತು? ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಅಲ್ಲಿಗೆ ನಿಂತರೆ ಅದರ ಬೆಲೆ ಯಾರೋ ಮುಂದೆ ಕಟ್ಟುತ್ತಾರೆ.

ಕಟ್ಟಿದ್ದು 1914ರಲ್ಲಿ. ಮೊದಲ ಮಹಾಯುದ್ಧ ಶುರುವಾಯಿತು. ಬಾಸೆಲ್ ಸ್ವಿಸ್ ಊರಾದರೂ ಮಿಷನರಿಗಳಲ್ಲಿ ತುಂಬಾ ಜನ ಜರ್ಮನ್ನರು. ನಿನ್ನೆಯವರೆಗೆ ಕಲೆಕ್ಟರ್ ಮನೆಯಲ್ಲಿ ಚಹಾ ಕುಡಿದವರು ಈಗ ಶತ್ರುಗಳು. ಅಹ್ಮದ್‌ನಗರದ ಶಿಬಿರಕ್ಕೆ ಹೋದರು, ಅಲ್ಲಿಂದ ಊರಿಗೆ. ಕಾರ್ಖಾನೆಗಳು ಸರ್ಕಾರದ ಕೈಗೆ, ನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಗೆ. ಹೆಂಚಿನ ಮೇಲಿನ ಹೆಸರು ಬದಲಾಗಿದ್ದು ಹಾಗೆ. 1920ರ ದಶಕದಲ್ಲಿ ಮಿಷನರಿಗಳು ವಾಪಸ್ ಬಂದರು, ಕಾರ್ಖಾನೆಗಳು ಬರಲಿಲ್ಲ. ನಡುವಿನ ವರ್ಷಗಳಲ್ಲಿ ಸಭೆ ನಡೆಸಿದವರು ಅಯ್ಯನವರುಗಳು ಅಂದರೆ ಇಲ್ಲಿನವರೇ ಆದ ಪಾದ್ರಿಗಳು, ಉಪದೇಶಿಗಳು, ಸಭಾ ಹಿರಿಯರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಸಿಎಸ್ಐ ಹುಟ್ಟುವ ಹೊತ್ತಿಗೆ ಇಲ್ಲಿನ ಸಭೆಗಳು ಬಾಸೆಲನ್ನು ಕಾಯದೆ ನಡೆಯುವುದನ್ನು ಒಂದಿಷ್ಟು ಕಲಿತಿದ್ದವು. ಯುದ್ಧ ಬರದೇ ಇದ್ದಿದ್ದರೆ ಕಲಿಯುತ್ತಿದ್ದವಾ? ನನಗೆ ಅನುಮಾನ.

ಬೆಳಿಗ್ಗೆ ಕೇಳಿದ ಶ್ರೀರಂಗಪಟ್ಟಣದ ಹದಿನೈದು ವರ್ಷ ನನಗೆ ಮತ್ತೆ ನೆನಪಾಗಿದ್ದು ಇಲ್ಲಿ. ಎರಡು ಬೇರೆ ಬೇರೆ ಸಭೆ, ಬೇರೆ ಕಾಲ, ಕಷ್ಟವೂ ಒಂದೇ ತೂಕದ್ದಲ್ಲ. ಆದರೆ ಎರಡು ಕಡೆಯೂ ಪಾದ್ರಿ ಮತ್ತು ಆಸ್ತಿ ಒಟ್ಟಿಗೇ ಹೋದವು, ಸಭೆ ಉಳಿಯಿತು. ಗೈಡ್ ಈ ಎರಡನ್ನೂ ಒಂದೇ ದಿನ ತೋರಿಸುತ್ತಾನೆ, ಪಕ್ಕಪಕ್ಕ ಇಡುವುದಿಲ್ಲ. ಇಟ್ಟರೆ ಈ ನಡಿಗೆಯ ತೂಕವೇ ಬೇರೆಯಾಗುತ್ತದೆ. ನಾನು ಹೇಳಿದ್ದೇನೆ, ಬರೆದುಕೊಂಡಿದ್ದಾನೆ.

ಈಗ ಖಜಾಂಚಿಯ ಮಾತು. ನಮ್ಮ ಸಭೆಗೆ ರಸ್ತೆ ಬದಿಯಲ್ಲಿ ಮಳಿಗೆಗಳಿವೆ. ಅವುಗಳ ಬಾಡಿಗೆ ಭಾನುವಾರದ ಕಾಣಿಕೆಗಿಂತ ಜಾಸ್ತಿ. ಕಮಿಟಿ ಮೀಟಿಂಗ್‌ನಲ್ಲಿ ಮುಕ್ಕಾಲು ಹೊತ್ತು ಹೋಗುವುದು ಯಾವ ಮಳಿಗೆ ಯಾರಿಗೆ ಅನ್ನುವುದಕ್ಕೆ. ಉಳಿದ ಹೊತ್ತು ಕಾಂಪೌಂಡಿನ ಕೇಸಿಗೆ. ಪ್ರಾರ್ಥನೆ ಆರಂಭಕ್ಕೊಂದು, ಮುಕ್ತಾಯಕ್ಕೊಂದು. 2020ರ ಲಾಕ್‌ಡೌನಿನಲ್ಲಿ ಚರ್ಚ್ ಬಾಗಿಲು ಹಾಕಿತು, ಮಳಿಗೆಗಳೂ ಹಾಕಿದವು. ಕಾಣಿಕೆಯೂ ಇಲ್ಲ, ಬಾಡಿಗೆಯೂ ಇಲ್ಲ. ಆಗ ಕೆಲಸಕ್ಕೆ ಬಂದಿದ್ದು ಸ್ತ್ರೀ ಸಂಘದ ಹಿಡಿ ಅಕ್ಕಿ ಡಬ್ಬ. ದಿನಾ ಅನ್ನಕ್ಕೆ ಇಡುವಾಗ ಒಂದು ಹಿಡಿ ತೆಗೆದಿಡುವ ಹಳೆಯ ಪದ್ಧತಿ. ಅದನ್ನು ಇನ್ನೂ ಬಿಡದೆ ಇಟ್ಟುಕೊಂಡಿದ್ದವರು ಕೆಲವೇ ಮನೆಯವರು. ಕೂಲಿ ನಿಂತ ಮನೆಗಳಿಗೆ ಮೊದಲು ಮುಟ್ಟಿದ್ದು ಆ ಅಕ್ಕಿ, ಡಯಾಸಿಸ್ (ಬಿಷಪರ ಕಚೇರಿ) ಸುತ್ತೋಲೆ ಬರುವುದಕ್ಕೂ ಮೊದಲು. ಜೆಪ್ಪುವಿನಲ್ಲಿ ಆ ಎರಡು ಹೆಂಚಿನ ಮುಂದೆ ನಿಂತಾಗ ನನ್ನ ರಿಜಿಸ್ಟರಿನ ಕಾಲಂಗಳು ಕಣ್ಣಮುಂದೆ ಬಂದವು. ಬಾಡಿಗೆ ಬೇಡ ಅನ್ನುವಷ್ಟು ಸಂತಳಲ್ಲ ನಾನು. ಆದರೆ ಆ ಕಾಲಂ ಇಡೀ ನಿಂತುಹೋದರೆ ಏನು ಉಳಿಯುತ್ತದೆ ಅಂತ ವರ್ಷಕ್ಕೊಂದು ಸಲವಾದರೂ ಲೆಕ್ಕ ಹಾಕಬೇಕು. ಮುಂದಿನ ಬಜೆಟ್ ಮೀಟಿಂಗ್‌ಗೆ ಹಾಗೊಂದು ಹಾಳೆ ಮಾಡಿ ಇಟ್ಟಿದ್ದೇನೆ.

ಇನ್ನು ದೂರುಗಳು.

ಒಂದು, ಹೆಸರುಗಳು. ದಿನವಿಡೀ ಹೆಬಿಕ್, ಮೋಗ್ಲಿಂಗ್, ಕಿಟೆಲ್, ಪ್ಲೆಬ್ಸ್ಟ್. ಇಲ್ಲಿನವರ ಪೈಕಿ ಹೆಸರು ಹಿಡಿದು ಹೇಳಿದ್ದು ಆನಂದರಾವ್ ಕೌಂಡಿನ್ಯ ಒಬ್ಬನದೇ. ಅವನ ಕಥೆ ದೊಡ್ಡದು, ನಿಜ. 1844ರಲ್ಲಿ ದೀಕ್ಷಾಸ್ನಾನ ತಗೊಂಡ ಸಾರಸ್ವತ ಹುಡುಗ, ಊರಲ್ಲಿ ದೊಡ್ಡ ಗಲಾಟೆ, ಆಮೇಲೆ ಬಾಸೆಲಿಗೆ ಹೋಗಿ ಪಾದ್ರಿಯಾಗಿ ಬಂದ. ಕೊಡಗಿನಲ್ಲಿ ಹೊಲೆಯ ಸಮುದಾಯದ ವಿಶ್ವಾಸಿಗಳಿಗಾಗಿ ಮೋಗ್ಲಿಂಗ್ ಕಟ್ಟಿದ ಆನಂದಪುರಕ್ಕೆ ಅವನದೇ ಹೆಸರು. ಆದರೆ ಮಗ್ಗದಲ್ಲಿ ಕೂತ ಹೆಂಗಸರು? ಮನೆಮನೆಗೆ ಹೋಗಿ ಓದಿ ಹೇಳುತ್ತಿದ್ದ ಬೈಬಲ್ ಸ್ತ್ರೀಯರು? ಜಾತಿ ಬಿಟ್ಟು ಬಂದ ಒಬ್ಬ ಬ್ರಾಹ್ಮಣ ಹುಡುಗನಿಗೆ ಅರ್ಧ ಗಂಟೆ, ಜಾತಿಯಿಂದಲೇ ತುಳಿಸಿಕೊಂಡು ಬಂದವರಿಗೆ ಎಲ್ಲ ಸೇರಿ ಎರಡು ನಿಮಿಷ. ಇತಿಹಾಸದಿಂದ ಪಾಠ ಕಲಿಯಿರಿ ಅನ್ನುವವರು ಈ ಗಡಿಯಾರವನ್ನೂ ನೋಡಿಕೊಳ್ಳಬೇಕು. ಹೆಂಚಿನ ಮೇಲೆ ಬೆರಳಿನ ಗುರುತಿದೆ, ಆ ಬೆರಳಿನವರ ಸುದ್ದಿಯೇ ಇಲ್ಲ.

ಎರಡು, ಪುಸ್ತಿಕೆ. ಕಿಟೆಲ್ ನಿಘಂಟಿನ ವರ್ಷ 1984 ಅಂತ ಅಚ್ಚಾಗಿದೆ! ಅದೂ ಅಚ್ಚಿನ ಮನೆಯ ಕಥೆ ಹೇಳುವ ಪುಸ್ತಿಕೆಯಲ್ಲಿ. ಒಂದು ಪುಟ ಎರಡು ಸಲ ಬಂದಿದೆ. ಕಾಗದ ಹೊಳೆಯುತ್ತದೆ, ಬಿಸಿಲಲ್ಲಿ ಓದಲಾಗುವುದಿಲ್ಲ. ಇದನ್ನು ತಿದ್ದಿ ಹೊಸದು ಹಾಕುವವರೆಗೆ ಕೊಡದೇ ಇರುವುದೇ ವಾಸಿ.

ಮೂರು, ವಯಸ್ಸಾದವರ ಕಷ್ಟ. ಮಂಗಳೂರು ಏರು ತಗ್ಗಿನ ಊರು. ಹಂಪನಕಟ್ಟೆಯಿಂದ ಗುಡ್ಡ ಹತ್ತುವಾಗ ನಿಲ್ಲಿಸಿ ನಿಲ್ಲಿಸಿ ಕರೆದೊಯ್ಯುವುದಿಲ್ಲ. ಬೆಳಿಗ್ಗೆಯ ಭಾಗದಲ್ಲಿ ಶೌಚಾಲಯ ಎಲ್ಲಿ ಅಂತ ಮೊದಲೇ ಹೇಳುವುದೂ ಇಲ್ಲ. ಕೇಳಿದರೆ ತೋರಿಸುತ್ತಾರೆ, ಆದರೆ ಹೆಂಗಸರು ಕೇಳಲು ಹಿಂಜರಿಯುತ್ತಾರೆ. ವ್ಯಾನನ್ನು ಊಟದ ಮೊದಲೇ ಕೊಡಬಹುದು.

ಐದಕ್ಕೆ ನಾಲ್ಕು. ಖಾಕಿ ಮತ್ತು ಪುಸ್ತಿಕೆ ಸೇರಿ ಒಂದು ಹೋಯಿತು. ಯುವಜನರ ಗುಂಪಿಗೆ ಚೆನ್ನಾಗಿರುತ್ತದೆ, ಆದರೆ ನಾನು ಜಾಸ್ತಿ ಶಿಫಾರಸು ಮಾಡುವುದು ಸಭೆ ನಡೆಸುವ ಪಾಸ್ಟರೇಟ್ ಕಮಿಟಿಗಳಿಗೆ, ಮುಖ್ಯವಾಗಿ ಕಮಿಟಿ ಚುನಾವಣೆಯ ವರ್ಷದಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಹೋಗಬೇಡಿ, ಬೆವರಲ್ಲಿ ಏನೂ ತಲೆಗೆ ಹತ್ತುವುದಿಲ್ಲ. ಮಳೆಗಾಲದಲ್ಲಿ ಅವರೇ ನಡೆಸುವುದಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ ಸರಿ. ಹತ್ತು ಜನರಿಗಿಂತ ಜಾಸ್ತಿ ಇದ್ದರೆ ತಲೆಗೆ 600ಕ್ಕೆ ಇಳಿಸುತ್ತಾರೆ, ಕೇಳಿದರೆ ಮಾತ್ರ.